16 ಅಂದ್ರೆ 16 ಗ್ರಾಂ ಅಲ್ಲ: ತೋಟದ ಮನೆಗೊಂದು ದಂಡದ ತಕ್ಕಡಿ

ನಮ್ಮ ಬೂದಿಗೆರೆ ಕಡೆ ಹೊಲಗಳು ವರ್ಷದಿಂದ ವರ್ಷಕ್ಕೆ ಚಿಕ್ಕದಾಗ್ತಾ ಇವೆ. ಒಂದು ಕಡೆ ಏರ್‌ಪೋರ್ಟ್, ಇನ್ನೊಂದು ಕಡೆ ಲೇಔಟ್. ಉಳಿದ ಅರ್ಧ ಎಕರೆ, ಹತ್ತು ಗುಂಟೆಯಲ್ಲೇ ಹೂಕೋಸು, ಬೀನ್ಸ್, ಸೊಪ್ಪು, ಗುಲಾಬಿ ಬೆಳೆದು ಬದುಕಬೇಕು. ಹೊಲ ಚಿಕ್ಕದಾದ ಹಾಗೆ ನಾವು ಹಾಕುವ ಔಷಧಿ, ಗೊಬ್ಬರದ ಲೆಕ್ಕವೂ ಕೆ.ಜಿ.ಯಿಂದ ಗ್ರಾಂಗೆ ಇಳಿದಿದೆ. ಆದರೆ ಗ್ರಾಂ ತೂಗುವ ಅಭ್ಯಾಸ ಮಾತ್ರ ನಮಗಿನ್ನೂ ಬಂದಿಲ್ಲ. ಅದಕ್ಕೆ ನಾನು ತೆತ್ತ ಬೆಲೆಯಿಂದಲೇ ಈ ವಾರದ ಲೇಖನ ಶುರು ಮಾಡ್ತೀನಿ.

ಹೂಕೋಸಿಗೆ ಬೋರಾನ್ ಕೊಡಬೇಕಿತ್ತು. ಲೀಟರ್‌ಗೆ 1 ಗ್ರಾಂ, ನನ್ನ ಬ್ಯಾಟರಿ ಪಂಪ್ 16 ಲೀಟರ್, ಹಾಗಾಗಿ ಪಂಪ್‌ಗೆ 16 ಗ್ರಾಂ. ಚಮಚದಲ್ಲಿ ಅಂದಾಜು ಹಾಕೋದು ಬೇಡ ಅಂತ ಆನ್‌ಲೈನ್‌ನಲ್ಲಿ ಅಂಗೈಯಗಲದ ಒಂದು ಡಿಜಿಟಲ್ ತಕ್ಕಡಿ ತರಿಸಿದ್ದೆ. 16 ತೋರಿಸುವವರೆಗೆ ಪುಡಿ ಹಾಕಿದೆ, ಹೊಡೆದೆ. ಹತ್ತು ದಿನ ಬಿಟ್ಟು ಇನ್ನೊಂದು ಸಲ, ಆಮೇಲೆ ಮತ್ತೊಂದು ಸಲ. ಮೂರನೇ ಸಲಕ್ಕೆ ಹೂಕೋಸಿನ ಹಳೇ ಎಲೆಗಳ ಅಂಚು ಹಳದಿಯಾಗಿ ಸುಟ್ಟ ಹಾಗಾಯ್ತು. ಬದುವಿನ ಪಕ್ಕ ಎರಡು ಸಾಲು ಬೀನ್ಸ್ ಇತ್ತು, ಅದಕ್ಕೂ ಸಿಂಪರಣೆ ತಗುಲಿತ್ತು. ಅದರ ಗತಿ ಇನ್ನೂ ಕೆಟ್ಟದು. ಹೂಕೋಸು ಬೋರಾನ್ ಬೇಡುವ ಬೆಳೆ, ಬೀನ್ಸ್ ಅದನ್ನು ತಡೆದುಕೊಳ್ಳದ ಬೆಳೆ.

ರೋಗ ಅಂದುಕೊಂಡು ಇನ್ನೊಂದು ಔಷಧಿ ಹೊಡೆಯೋಕೆ ಹೊರಟಿದ್ದೆ. ಪುಣ್ಯಕ್ಕೆ ಅದಕ್ಕೆ ಮೊದಲು ಹೈಸ್ಕೂಲಿನಲ್ಲಿ ನಮಗೆ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದ ಮೇಷ್ಟ್ರ ಮನೆಗೆ ಹೋದೆ. ಅವರು ಎಲೆ ನೋಡಿದರು. "ಔಷಧಿ ಆಮೇಲೆ ನೋಡೋಣ. ಮೊದಲು ನೀನು ಎಷ್ಟು ಹಾಕಿದೆ ಅಂತ ಸರಿಯಾಗಿ ಹೇಳಪ್ಪ" ಅಂದರು.

"ಪಂಪ್‌ಗೆ 16 ಗ್ರಾಂ ಸಾರ್. ತೂಕ ಹಾಕೇ ಹಾಕಿದ್ದು."

"ನಿನ್ನ ತಕ್ಕಡೀಲಿ 16 ತೂಗಿ ಒಂದು ಪೊಟ್ಟಣ ಕಟ್ಟಿ ತಗೊಂಡು ಬಾ. ತಕ್ಕಡೀನೂ ತಾ."

ಅವರ ಹತ್ತಿರ ಶಾಲೆಯ ಲ್ಯಾಬಿನಲ್ಲಿ ಇರುವಂಥ ದಂಡದ ತಕ್ಕಡಿ ಇತ್ತು. ಮೂರು ದಂಡ, ಅವುಗಳ ಮೇಲೆ ಜಾರುವ ತೂಕಗಳು, ಒಂದೇ ತಟ್ಟೆ. ಪೊಟ್ಟಣ ಇಟ್ಟು ನಿಧಾನಕ್ಕೆ ತೂಕ ಜಾರಿಸಿ, ಕಾಗದದ ತೂಕ ಕಳೆದು, "ಹದಿನಾರು ಅಂದ್ಯಲ್ಲ, ಇದು 24.9 ಗ್ರಾಂ ಇದೆಯಲ್ಲಪ್ಪ?" ಅಂದರು.

ನನ್ನ ಡಿಜಿಟಲ್ ತಕ್ಕಡಿ ಕೆಟ್ಟಿರಲಿಲ್ಲ. ಅದರ ಪರದೆಯ ಮೂಲೆಯಲ್ಲಿ ಸಣ್ಣದಾಗಿ ಡಿ, ಡಬ್ಲ್ಯು, ಟಿ ಅಂತ ಮೂರು ಇಂಗ್ಲಿಷ್ ಅಕ್ಷರ ಇತ್ತು. ಅದು ಚಿನ್ನ ಬೆಳ್ಳಿಗೆ ಬಳಸುವ ಪೆನ್ನಿವೇಯ್ಟ್ ಅನ್ನೋ ವಿದೇಶಿ ಅಳತೆ. ಒಂದು ಪೆನ್ನಿವೇಯ್ಟ್ ಅಂದ್ರೆ 1.555 ಗ್ರಾಂ. ಯಾವಾಗಲೋ ನನ್ನ ಹೆಬ್ಬೆರಳು 'ಮೋಡ್' ಬಟನ್ ಒತ್ತಿಬಿಟ್ಟಿತ್ತು. 16 ಅನ್ನೋ ಅಂಕಿ ನೋಡಿದೆ, ಯಾವುದರ 16 ಅಂತ ನೋಡಲಿಲ್ಲ. ಮೂರು ಸಲವೂ ಒಂದೂವರೆ ಪಟ್ಟು ಬೋರಾನ್ ಹೊಡೆದಿದ್ದೆ. ಹೂಕೋಸು ಹೊಸ ಎಲೆ ಬಿಟ್ಟು ಸುಧಾರಿಸಿಕೊಂಡಿತು. ಬೀನ್ಸ್ ಎರಡು ಸಾಲು ಕಿತ್ತು ಹಾಕಿದೆ.

ಅವತ್ತು ಕಲಿತದ್ದು ಇಷ್ಟೇ: ತಕ್ಕಡಿ ಯಾವುದೇ ಇರಲಿ, ನಾವೇ ಪರೀಕ್ಷೆ ಮಾಡುವವರೆಗೆ ಅದರ ಮಾತು ನಂಬಬಾರದು. ಪರೀಕ್ಷೆ ಮಾಡೋದು ಸುಲಭ ಇರುವ, ಒಳಗಿನದೆಲ್ಲ ಕಣ್ಣಿಗೆ ಕಾಣುವ ತಕ್ಕಡಿ ಅಂದ್ರೆ ದಂಡದ ತಕ್ಕಡಿ.

ಗ್ರಾಂ ಲೆಕ್ಕ ಯಾಕಿಷ್ಟು ಮುಖ್ಯ?

ನಾವು ದಿನಾ ಬಳಸುವ ಕೆಲವು ಪ್ರಮಾಣ ನೋಡಿ. ಇವು ಸಾಮಾನ್ಯವಾಗಿ ಹೇಳುವ ಪ್ರಮಾಣಗಳು. ನಿಮ್ಮ ಬೆಳೆಗೆ ಲೇಬಲ್‌ನಲ್ಲಿ ಇರುವುದೇ ಕೊನೆಯ ಮಾತು.

- ನಾಟಿ ರಾಗಿಗೆ ಎಕರೆಗೆ ಸುಮಾರು 2 ಕೆ.ಜಿ. ಬಿತ್ತನೆ ಬೀಜ. ಬೀಜೋಪಚಾರಕ್ಕೆ ಕಾರ್ಬೆಂಡಜಿಮ್ ಕೆ.ಜಿ.ಗೆ 2 ಗ್ರಾಂ. ಒಟ್ಟು ಬೇಕಾದ್ದು 4 ಗ್ರಾಂ.
- ಮೆಕ್ಕೆಜೋಳದ ಸೈನಿಕ ಹುಳುವಿಗೆ ಎಮಾಮೆಕ್ಟಿನ್ ಬೆಂಜೊಯೇಟ್ 5 ಎಸ್‌ಜಿ ಲೀಟರ್‌ಗೆ 0.4 ಗ್ರಾಂ. 16 ಲೀಟರ್ ಪಂಪ್‌ಗೆ 6.4 ಗ್ರಾಂ.
- ರಸ ಹೀರುವ ಕೀಟಕ್ಕೆ ಥಯಾಮೆಥೋಕ್ಸಾಮ್ 25 ಡಬ್ಲ್ಯುಜಿ ಲೀಟರ್‌ಗೆ 0.2 ಗ್ರಾಂ. ಪಂಪ್‌ಗೆ 3.2 ಗ್ರಾಂ.
- ಮ್ಯಾಂಕೋಜೆಬ್ ಲೀಟರ್‌ಗೆ 2 ಗ್ರಾಂ. ಪಂಪ್‌ಗೆ 32 ಗ್ರಾಂ.
- ದ್ರಾಕ್ಷಿಗೆ ಬಳಸುವ ಜಿಬ್ಬರೆಲಿಕ್ ಆಮ್ಲ 10 ಪಿಪಿಎಂ ಅಂದ್ರೆ 100 ಲೀಟರ್ ನೀರಿಗೆ ಬರೀ 1 ಗ್ರಾಂ.

ಈಗ ಅಡುಗೆಮನೆಯಲ್ಲೋ ಅಂಗಡಿಯಲ್ಲೋ ಇರುವ, 5 ಗ್ರಾಂಗೆ ಒಂದು ಸಲ ಅಂಕಿ ಬದಲಾಗುವ ತಕ್ಕಡಿಯಲ್ಲಿ 3.2 ಗ್ರಾಂ ಹೇಗೆ ತೂಗ್ತೀರಿ? ಅದು 0 ತೋರಿಸಬಹುದು, 5 ತೋರಿಸಬಹುದು. ಎರಡೂ ತಪ್ಪು.

ಚಮಚ, ಬಾಟಲಿ ಮುಚ್ಚಳ, ಬೆಂಕಿಪೆಟ್ಟಿಗೆ ಲೆಕ್ಕವೂ ಅಷ್ಟೇ. ಚಮಚ ಅಳೆಯೋದು ಜಾಗವನ್ನ, ತೂಕವನ್ನಲ್ಲ. ಒಂದು ಪುಡಿ ಹತ್ತಿಯ ಹಾಗೆ ಹಗುರ, ಇನ್ನೊಂದು ಮರಳಿನ ಹಾಗೆ ಭಾರ. ಒಂದೇ ಪುಡಿಯನ್ನ ಸಡಿಲವಾಗಿ ತುಂಬಿದರೆ ಒಂದು ತೂಕ, ಅಮುಕಿ ತುಂಬಿದರೆ ಇನ್ನೊಂದು.

ಕಮ್ಮಿ ಹಾಕಿದರೆ ಹುಳ ಸಾಯಲ್ಲ. ಬದುಕಿ ಉಳಿದವುಗಳ ಸಂತಾನಕ್ಕೆ ಆ ಔಷಧಿ ನಾಟದ ಹಾಗಾಗುತ್ತದೆ. ಜಾಸ್ತಿ ಹಾಕಿದರೆ ಎಲೆ ಸುಡುತ್ತೆ, ದುಡ್ಡು ಹೋಗುತ್ತೆ, ತಿನ್ನುವ ತರಕಾರಿಯಲ್ಲಿ ವಿಷದ ಉಳಿಕೆ ಹೆಚ್ಚುತ್ತೆ. ನಮ್ಮ ತರಕಾರಿ ಹೋಗೋದು ಬೆಂಗಳೂರಿಗೆ, ಅದರಲ್ಲಿ ಒಂದು ಪಾಲು ನಮ್ಮ ಮನೆಯ ಮಕ್ಕಳ ತಟ್ಟೆಗೂ ಬರುತ್ತದೆ ಅನ್ನೋದು ನೆನಪಿರಲಿ.

ಯಾವ ತಕ್ಕಡಿ?

ದಂಡದ ತಕ್ಕಡಿಯಲ್ಲಿ ನಮಗೆ ಉಪಯೋಗಕ್ಕೆ ಬರುವುದು ಎರಡು ಬಗೆ.

ಒಂದು, ಎರಡು ತಟ್ಟೆಯ ಹಳೇ ತಕ್ಕಡಿ. ದಿನಸಿ ಅಂಗಡಿ, ಅಕ್ಕಸಾಲಿಗರ ಹತ್ತಿರ ಇದ್ದಂಥದ್ದು. ಒಂದು ತಟ್ಟೆಯಲ್ಲಿ ವಸ್ತು, ಇನ್ನೊಂದರಲ್ಲಿ ತೂಕದ ಬಟ್ಟು. ಅಕ್ಕಸಾಲಿಗರು ಒಂದು ಕಾಲದಲ್ಲಿ ಇದೇ ತಕ್ಕಡಿಯಲ್ಲಿ ಗುಲಗಂಜಿ ಇಟ್ಟು ಚಿನ್ನ ತೂಗುತ್ತಿದ್ದರು. ಅಷ್ಟು ಸೂಕ್ಷ್ಮ. ಗ್ರಾಂ, ಕೆ.ಜಿ. ಲೆಕ್ಕ ನಮ್ಮ ದೇಶದಲ್ಲಿ ಜಾರಿಗೆ ಬರಲು ಶುರುವಾದದ್ದು 1958ರ ಅಕ್ಟೋಬರ್‌ನಲ್ಲಿ. ಅದಕ್ಕೂ ಮುಂಚೆ ತೊಲ, ಸೇರು, ಮಣ.

ಎರಡು, ಮೇಷ್ಟ್ರ ಮನೆಯಲ್ಲಿದ್ದಂಥ ಮೂರು ದಂಡದ ತಕ್ಕಡಿ. ಲ್ಯಾಬ್ ಸಾಮಾನು ಮಾರುವವರು ಇದನ್ನ ಟ್ರಿಪಲ್ ಬೀಮ್ ಬ್ಯಾಲೆನ್ಸ್ ಅಂತಾರೆ. ಒಂದು ದಂಡದಲ್ಲಿ ನೂರು ನೂರು ಗ್ರಾಂನ ಕಚ್ಚು, ಇನ್ನೊಂದರಲ್ಲಿ ಹತ್ತು ಹತ್ತರದು, ಮುಂದಿನದರಲ್ಲಿ 0ಯಿಂದ 10 ಗ್ರಾಂವರೆಗೆ ಸಣ್ಣ ಗೆರೆಗಳು. ಸಾಮಾನ್ಯವಾಗಿ ಒಟ್ಟು 610 ಗ್ರಾಂ ತೂಗುತ್ತದೆ, 0.1 ಗ್ರಾಂವರೆಗೆ ಓದಬಹುದು. ಬಟ್ಟು ಕಳೆದುಹೋಗುವ ಭಯವಿಲ್ಲ. ಬ್ಯಾಟರಿ ಬೇಡ, ಒತ್ತಿಬಿಡೋಕೆ 'ಮೋಡ್' ಬಟನ್ನೂ ಇಲ್ಲ.

ಒಂದು ಎಚ್ಚರಿಕೆ. ಆನ್‌ಲೈನ್‌ನಲ್ಲಿ ಹುಡುಕಿದರೆ ಇದೇ ಆಕಾರದ, ಇನ್ನೂ ಚಿಕ್ಕ ವಿದೇಶಿ ತಕ್ಕಡಿಗಳೂ ಕಾಣಬಹುದು. ಅವು ಹೊರದೇಶಗಳಲ್ಲಿ ಬೇಟೆಗಾರರು, ಗುರಿಕಾರರು ಖಾಲಿ ತೋಟಾಗಳಿಗೆ ಮತ್ತೆ ಕೋವಿಮದ್ದು ತುಂಬುವಾಗ ಬಳಸುವಂಥವು. ಅದರ ಮೇಲಿನ ಅಂಕಿ ಗ್ರಾಂ ಅಲ್ಲ, ಗ್ರೇನ್. ಒಂದು ಗ್ರಾಂಗೆ 15.43 ಗ್ರೇನ್. ಹೆಸರು ಹತ್ತಿರ ಹತ್ತಿರ ಇದೆ, ಮೋಸ ಹೋಗಬೇಡಿ. ನಮ್ಮಲ್ಲಿ ತೋಟಾ, ಕೋವಿಮದ್ದಿನ ವಿಷಯವೆಲ್ಲ ಪರವಾನಗಿ ಮತ್ತು ಕಾನೂನಿನ ಮಾತು, ಅದು ನಮಗೆ ಬೇಡ. ಆದರೆ ಅವರ ಶಿಸ್ತು ನಮಗೆ ಬೇಕು. ಮದ್ದು ಸ್ವಲ್ಪ ಹೆಚ್ಚಾದರೂ ಕೋವಿ ಸಿಡಿದು ಕೈ ಹೋಗುತ್ತದೆ ಅನ್ನುವ ಭಯದಿಂದ ಅವರು ಪ್ರತಿ ಸಲ ಕೂತಾಗಲೂ ಮೊದಲು ಸೊನ್ನೆ ನೋಡ್ತಾರೆ, ಗೊತ್ತಿರುವ ಒಂದು ತೂಕ ಇಟ್ಟು ಪರೀಕ್ಷೆ ಮಾಡ್ತಾರೆ, ಆಮೇಲೆ ಮದ್ದು ತೂಗ್ತಾರೆ. ನಾವು ತೂಗೋದೂ ವಿಷವನ್ನೇ ಅಲ್ವಾ?

ಎಲ್ಲಿ ಇಡಬೇಕು?

ದಂಡದ ತಕ್ಕಡಿಗೆ ಶತ್ರು ಮೂರು: ಗಾಳಿ, ಅಲುಗಾಟ, ಓರೆ ಮೇಜು.

ಫ್ಯಾನ್ ಆರಿಸಿ. ಆದರೆ ಔಷಧಿಯನ್ನ ಮುಚ್ಚಿದ ಕೋಣೆಯಲ್ಲಿ ತೂಗಬೇಡಿ, ಪುಡಿ ಉಸಿರಿಗೆ ಹೋಗುತ್ತೆ. ಜಗಲಿಯಲ್ಲೋ ಶೆಡ್ಡಿನಲ್ಲೋ ಗಟ್ಟಿ ಮೇಜು ಹಾಕಿ, ಒಂದು ದೊಡ್ಡ ರಟ್ಟಿನ ಪೆಟ್ಟಿಗೆಯ ಒಂದು ಬದಿ ಕತ್ತರಿಸಿ ಅದರೊಳಗೆ ತಕ್ಕಡಿ ಇಡಿ. ಮೂರು ಕಡೆ ಗಾಳಿ ತಡೆದರೆ ಸಾಕು, ದಂಡ ನಿಲ್ಲುತ್ತದೆ.

ಮೇಜು ಸಮ ಇದೆಯಾ ಅಂತ ನೋಡೋಕೆ ನಿಮ್ಮ ಫೋನೇ ಸಾಕು. ಹೆಚ್ಚಿನ ಫೋನ್‌ಗಳಿಗೆ ಮಟ್ಟ ನೋಡುವ ಆ್ಯಪ್ ಸಿಗುತ್ತದೆ. ಮೇಜಿನ ಮೇಲೆ ಉದ್ದಕ್ಕೂ ಅಡ್ಡಕ್ಕೂ ಇಟ್ಟು ನೋಡಿ, ಓರೆ ಇದ್ದರೆ ಕಾಲಿನ ಕೆಳಗೆ ರಟ್ಟು ಕೊಡಿ. ತೂಗುವಾಗ ಮಾತ್ರ ಫೋನನ್ನ ತಕ್ಕಡಿಯಿಂದ ಒಂದು ಮೊಳ ದೂರ ಇಡಿ. ದಂಡ ಬೇಗ ನಿಲ್ಲಲಿ ಅಂತ ಕೆಲವು ತಕ್ಕಡಿಗಳಲ್ಲಿ ಆಯಸ್ಕಾಂತ ಇರುತ್ತದೆ, ಫೋನಿನಲ್ಲೂ ಆಯಸ್ಕಾಂತ ಇದೆ.

ತೂಗುವ ಕ್ರಮ

1. ತಟ್ಟೆ ಒರೆಸಿ. ಎಲ್ಲಾ ಜಾರುವ ತೂಕಗಳನ್ನ 0ಗೆ ತನ್ನಿ. ದಂಡದ ತುದಿಯ ಮುಳ್ಳು ಸೊನ್ನೆ ಗೆರೆಗೆ ಬರಬೇಕು. ಬರದಿದ್ದರೆ ತಟ್ಟೆಯ ಕೆಳಗೋ ದಂಡದ ಹಿಂದೆಯೋ ಇರುವ ಸೊನ್ನೆ ತಿರುಪನ್ನ ಸ್ವಲ್ಪ ಸ್ವಲ್ಪವೇ ತಿರುಗಿಸಿ.

2. ದಂಡವನ್ನ ಬೆರಳಿನಿಂದ ಮೆಲ್ಲಗೆ ತಟ್ಟಿ ಬಿಡಿ. ಅದು ಮೇಲೆ ಕೆಳಗೆ ಸಮನಾಗಿ ತೂಗಾಡಿ ಅದೇ ಜಾಗಕ್ಕೆ ಬಂದು ನಿಲ್ಲಬೇಕು. ಮೂರು ಸಲ ಮಾಡಿ ನೋಡಿ. ಒಂದೊಂದು ಸಲ ಒಂದೊಂದು ಕಡೆ ನಿಂತರೆ ಎಲ್ಲೋ ಉಜ್ಜುತ್ತಿದೆ ಅಂತ ಅರ್ಥ. ಅವತ್ತು ತೂಗಬೇಡಿ, ಮೊದಲು ಸ್ವಚ್ಛ ಮಾಡಿ.

3. ಗೊತ್ತಿರುವ ಒಂದು ತೂಕ ಇಟ್ಟು ನೋಡಿ. ಇದು ಹೇಗೆ ಅಂತ ಮುಂದೆ ಹೇಳ್ತೀನಿ.

4. ತಟ್ಟೆಯ ಮೇಲೆ ಕಾಗದವೋ ಪುಟ್ಟ ಬಟ್ಟಲೋ ಇಟ್ಟು ಅದರ ತೂಕ ಬರೆದುಕೊಳ್ಳಿ. ಕಾಗದ 2.1 ಗ್ರಾಂ, ಬೇಕಾದ ಔಷಧಿ 6.4 ಗ್ರಾಂ ಆದರೆ ತಕ್ಕಡಿಯನ್ನ 8.5ಕ್ಕೆ ಇಡಿ. ಔಷಧಿಯನ್ನ ನೇರವಾಗಿ ತಟ್ಟೆಗೆ ಹಾಕಬೇಡಿ.

5. ಮೊದಲು ತೂಕ ಇಟ್ಟು, ಆಮೇಲೆ ಪುಡಿ ಹಾಕುತ್ತಾ ಬನ್ನಿ. ಕೊನೆಯ ಅರ್ಧ ಗ್ರಾಂಗೆ ಚಮಚ ಬಗ್ಗಿಸಿ, ಇನ್ನೊಂದು ಕೈಯ ಬೆರಳಿನಿಂದ ಅದರ ಹಿಡಿಯನ್ನ ಟಕ್ ಟಕ್ ಅಂತ ತಟ್ಟಿ. ಚಿಟಿಕೆ ಚಿಟಿಕೆಯಾಗಿ ಬೀಳುತ್ತೆ. ಮುಳ್ಳು ಏಳಲು ಶುರು ಮಾಡಿದ ಕೂಡಲೇ ನಿಲ್ಲಿಸಿ, ಕಾಯಿರಿ.

6. ಕಣ್ಣನ್ನ ಮುಳ್ಳಿನ ಮಟ್ಟಕ್ಕೇ ತಂದು ಓದಿ. ನಿಂತುಕೊಂಡು ಮೇಲಿಂದ ನೋಡಿದರೆ ಒಂದು ಗೆರೆ ಆಚೀಚೆ ಕಾಣುತ್ತೆ.

7. ಜಾರುವ ತೂಕ ಕಚ್ಚಿನಲ್ಲಿ ಪೂರ್ತಿ ಕೂತಿದೆಯಾ ಅಂತ ಬೆರಳಲ್ಲಿ ಮುಟ್ಟಿ ನೋಡಿ. ಮೂರು ದಂಡದ ತಕ್ಕಡಿಯಲ್ಲಿ ದೊಡ್ಡ ತಪ್ಪು ಆಗೋದು ಇಲ್ಲೇ. ಹತ್ತರ ತೂಕ ಒಂದು ಕಚ್ಚು ಆಚೆ ಇದ್ದರೆ 6 ಗ್ರಾಂ ಬದಲು 16 ಗ್ರಾಂ ಆಗುತ್ತೆ. ಮೂರೂ ದಂಡದ ಅಂಕಿಗಳನ್ನ ಬಾಯಿಬಿಟ್ಟು ಓದಿ ಕೂಡಿಸಿ. ಮನೆಯವರು ಪಕ್ಕದಲ್ಲಿದ್ದರೆ ಅವರಿಗೂ ಒಂದು ಸಲ ಓದೋಕೆ ಹೇಳಿ.

8. ಫೋಟೋ ತೆಗೆದಿಡಿ. ತಾರೀಕು, ಬೆಳೆ, ಔಷಧಿ, ತೂಕ. ನಾಳೆ ಎಲೆ ಸುಟ್ಟರೆ ಕೃಷಿ ಅಧಿಕಾರಿಗೆ ತೋರಿಸೋಕೆ ಇದಕ್ಕಿಂತ ಒಳ್ಳೇ ದಾಖಲೆ ಇಲ್ಲ.

ತುಂಬಾ ಸಣ್ಣ ತೂಕ ಬೇಕಾದಾಗ

0.1 ಗ್ರಾಂ ಆಚೀಚೆ ಆದರೆ 32 ಗ್ರಾಂನಲ್ಲಿ ಅದು ಲೆಕ್ಕಕ್ಕೇ ಇಲ್ಲ. 3.2 ಗ್ರಾಂನಲ್ಲಿ ನೂರಕ್ಕೆ ಮೂರು. 1 ಗ್ರಾಂನಲ್ಲಿ ನೂರಕ್ಕೆ ಹತ್ತು. ತೂಗುವುದು ಸಣ್ಣದಾದಷ್ಟೂ ತಪ್ಪು ದೊಡ್ಡದು.

ಅದಕ್ಕೊಂದು ಉಪಾಯ ಇದೆ. ಇವತ್ತು ಹತ್ತು ಪಂಪ್ ಹೊಡೆಯೋದಿದ್ದರೆ 3.2 ಗ್ರಾಂನ ಹತ್ತು ಪೊಟ್ಟಣ ಕಟ್ಟಬೇಡಿ. 32 ಗ್ರಾಂ ಒಂದೇ ಸಲ ತೂಗಿ, ನೀರು ಸೇರಿಸಿ ಒಟ್ಟು 2 ಲೀಟರ್ ಆಗುವ ಹಾಗೆ ಕಲಸಿ. ಪ್ರತಿ ಪಂಪ್‌ಗೆ ಅದರಿಂದ 200 ಮಿ.ಲೀ. ಹಾಕಿ ಉಳಿದ ನೀರು ತುಂಬಿ. ಪ್ರತಿ ಸಲ ಹಾಕುವ ಮುಂಚೆ ಚೆನ್ನಾಗಿ ಕಲಕಬೇಕು, ಪುಡಿ ತಳಕ್ಕೆ ಕೂರುತ್ತೆ. ಕಲಸಿದ್ದನ್ನ ಅವತ್ತೇ ಮುಗಿಸಬೇಕು. ಕುಡಿಯುವ ನೀರಿನ ಬಾಟಲಿಯಲ್ಲಿ ಯಾವ ಕಾರಣಕ್ಕೂ ಕಲಸಬೇಡಿ.

ಜಿಬ್ಬರೆಲಿಕ್ ಆಮ್ಲದಂಥ ಸೂಕ್ಷ್ಮ ವಸ್ತುವಾದರೆ ಚಿಕ್ಕ ಪೊಟ್ಟಣ ಪೂರ್ತಿ ಬಳಸಿ, ಅದಕ್ಕೆ ತಕ್ಕಂತೆ ನೀರನ್ನ ಹೊಂದಿಸೋದು ಒಳ್ಳೇದು. ನೀರು ಅಳೆಯೋದು ಸುಲಭ.

ತಕ್ಕಡಿಯನ್ನ ಪರೀಕ್ಷೆ ಮಾಡೋದು ಹೇಗೆ?

ಎಲ್ಲಕ್ಕಿಂತ ಒಳ್ಳೇದು ಮುದ್ರೆ ಇರುವ ಹಿತ್ತಾಳೆ ಬಟ್ಟು. 5, 10, 20, 50 ಗ್ರಾಂನದು ಒಂದೊಂದು ಇಟ್ಟುಕೊಳ್ಳಿ. ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಡಿ. ಬೆವರು ಕೈಯಲ್ಲಿ ಹಿಡಿಯಬೇಡಿ.

ಬಟ್ಟು ಇಲ್ಲದಿದ್ದರೆ ನೀರು. ಮೆಡಿಕಲ್ ಅಂಗಡಿಯಲ್ಲಿ ಸಿಗುವ 10 ಮಿ.ಲೀ. ಸಿರಿಂಜ್‌ನಲ್ಲಿ, ಸೂಜಿ ಇಲ್ಲದೆ, ಗಾಳಿಗುಳ್ಳೆ ಇಲ್ಲದ ಹಾಗೆ ನೀರು ಎಳೆದು ಬಟ್ಟಲಿಗೆ ಬಿಡಿ. 10 ಮಿ.ಲೀ. ನೀರು ಹೆಚ್ಚು ಕಮ್ಮಿ 10 ಗ್ರಾಂ. ಐದು ಸಲ ಬಿಟ್ಟರೆ 50 ಗ್ರಾಂ ಬರಬೇಕು.

ಇನ್ನೊಂದು, ನಾಣ್ಯ. 2011ರಲ್ಲಿ ಬಂದ ರೂಪಾಯಿ ಗುರುತಿನ ನಾಣ್ಯಗಳಲ್ಲಿ 1 ರೂಪಾಯಿ 3.79 ಗ್ರಾಂ, 2 ರೂಪಾಯಿ 4.85 ಗ್ರಾಂ, ಹಳದಿ ಬಣ್ಣದ 5 ರೂಪಾಯಿ 6 ಗ್ರಾಂ. 2019ರ ಸರಣಿಯ ನಾಣ್ಯಗಳ ತೂಕ ಬೇರೆ, ಅದರ 5 ರೂಪಾಯಿ 6.74 ಗ್ರಾಂ. ಎರಡನ್ನೂ ಬೆರೆಸಬೇಡಿ. ಸವೆಯದ ಹಳದಿ 5 ರೂಪಾಯಿ ನಾಣ್ಯ ಹತ್ತು ಇಟ್ಟರೆ 60 ಗ್ರಾಂ ಹತ್ತಿರ ಬರಬೇಕು. ಇದು ಅಂದಾಜು ಪರೀಕ್ಷೆ ಅಷ್ಟೇ. ಆದರೆ ನನ್ನ ಹಾಗೆ 16ರ ಜಾಗದಲ್ಲಿ 25 ಹಾಕುವ ತಪ್ಪನ್ನ ಒಂದು ನಾಣ್ಯವೇ ಹಿಡಿದು ಕೊಡುತ್ತಿತ್ತು. 6 ತೋರಿಸಬೇಕಾದ ಕಡೆ ಆ ಡಿಜಿಟಲ್ ತಕ್ಕಡಿ 3.86 ತೋರಿಸುತ್ತಿತ್ತು.

ಎರಡು ತಟ್ಟೆಯ ತಕ್ಕಡಿಗೆ ಇನ್ನೊಂದು ಪರೀಕ್ಷೆ: ಅದಲು ಬದಲು. ಪುಡಿಯನ್ನ ಎಡಗಡೆ ಇಟ್ಟು ತೂಗಿ, ಆಮೇಲೆ ಬಲಗಡೆ ಇಟ್ಟು ತೂಗಿ. ಒಂದು ಕಡೆ 50, ಇನ್ನೊಂದು ಕಡೆ 52 ಬಂದರೆ ದಂಡದ ಎರಡು ತೋಳು ಸಮ ಇಲ್ಲ. ನಿಜವಾದ ತೂಕ ಸುಮಾರು 51.

ಸುಳ್ಳು ತಕ್ಕಡಿಯಲ್ಲೂ ನಿಜ ತೂಕ ಪಡೆಯೋ ದಾರಿ ಕೂಡ ಇದೆ. ಮೇಷ್ಟ್ರು ಹೇಳಿಕೊಟ್ಟಿದ್ದು. ಎಡ ತಟ್ಟೆಯಲ್ಲಿ 20 ಗ್ರಾಂ ಬಟ್ಟು ಇಡಿ. ಬಲ ತಟ್ಟೆಗೆ ಮರಳು ಹಾಕಿ ಸಮ ಮಾಡಿ. ಮರಳನ್ನ ಮುಟ್ಟಬೇಡಿ. ಈಗ ಬಟ್ಟು ತೆಗೆದು ಅದೇ ಎಡ ತಟ್ಟೆಗೆ ಪುಡಿ ಹಾಕುತ್ತಾ ಬನ್ನಿ. ಮತ್ತೆ ಸಮ ಆದಾಗ ಪುಡಿ ಸರಿಯಾಗಿ 20 ಗ್ರಾಂ. ಬಟ್ಟು ಕೂತ ಜಾಗದಲ್ಲೇ ಪುಡಿ ಕೂತಿದ್ದರಿಂದ ತೋಳು ಉದ್ದ ಗಿಡ್ಡ ಇದ್ದರೂ ಲೆಕ್ಕ ತಪ್ಪಲ್ಲ. ಬಟ್ಟು ಮಾತ್ರ ಸರಿಯಾಗಿರಬೇಕು.

ನೋಡಿಕೊಳ್ಳೋದು ಹೇಗೆ?

ದಂಡದ ತಕ್ಕಡಿಯ ಜೀವ ಇರೋದು ದಂಡ ಕೂರುವ ಕತ್ತಿಯಂಚಿನಲ್ಲಿ. ಚೂಪಾದ ಒಂದು ಅಂಚು, ಅದು ಕೂರುವ ಗಟ್ಟಿಯಾದ ಕುಳಿ. ಅಲ್ಲಿ ಧೂಳು ಕೂತರೆ, ತುಕ್ಕು ಹಿಡಿದರೆ ದಂಡ ಸಣ್ಣ ತೂಕಕ್ಕೆ ಅಲ್ಲಾಡೋದೇ ಇಲ್ಲ.

- ಎಣ್ಣೆ ಹಾಕಬೇಡಿ. ನಮ್ಮ ಕೈಗೆ ಏನೇ ಸಿಕ್ಕರೂ ಎಣ್ಣೆ ಬಿಡುವ ಅಭ್ಯಾಸ. ಪಂಪಿಗೆ ಸರಿ, ತಕ್ಕಡಿಗೆ ಅಲ್ಲ. ಎಣ್ಣೆಗೆ ಧೂಳು ಅಂಟಿ ಅಂಟಾಗಿ ದಂಡ ಹಿಡಿದುಕೊಳ್ಳುತ್ತದೆ.
- ವಾರಕ್ಕೊಮ್ಮೆ ಒಣ ಬಣ್ಣದ ಬ್ರಷ್‌ನಿಂದ ಕತ್ತಿಯಂಚು, ಕುಳಿ, ಕಚ್ಚುಗಳನ್ನ ಗುಡಿಸಿ. ಬಾಯಲ್ಲಿ ಊದಬೇಡಿ, ಔಷಧಿ ಪುಡಿ ಮುಖಕ್ಕೇ ಬರುತ್ತೆ.
- ಆಯಸ್ಕಾಂತ ಇರುವ ಕಡೆ ಕಬ್ಬಿಣದ ಪುಡಿ ಅಂಟಿರುತ್ತದೆ. ಅಂಟು ಟೇಪ್ ಒತ್ತಿ ಎತ್ತಿದರೆ ಬರುತ್ತದೆ.
- ಮೈಲುತುತ್ತು, ಸತುವಿನ ಸಲ್ಫೇಟ್, ಯೂರಿಯಾ ಇವೆಲ್ಲ ಲೋಹ ತಿನ್ನುತ್ತವೆ. ತಟ್ಟೆಗೆ ಬಿದ್ದರೆ ಆಗಲೇ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣ ಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಿ. ತಟ್ಟೆ ತುಕ್ಕು ತಿಂದರೆ ಅದರ ತೂಕವೇ ಬದಲಾಗುತ್ತೆ.
- ತಕ್ಕಡಿಯನ್ನ ಗೊಬ್ಬರದ ಮೂಟೆಯ ಪಕ್ಕ ಇಡಬೇಡಿ. ಮೇಲೆ ಬಟ್ಟೆಯೋ ಡಬ್ಬಿಯೋ ಮುಚ್ಚಿ, ಮಕ್ಕಳ ಕೈಗೆ ಸಿಗದ ಕಡೆ ಬೀಗ ಹಾಕಿಡಿ.
- ತಟ್ಟೆಯಲ್ಲಿ ಭಾರ ಬಿಟ್ಟು ಹೋಗಬೇಡಿ. ಒಯ್ಯುವಾಗ ದಂಡ ಕುಣಿಯದ ಹಾಗೆ ಕಟ್ಟಿ, ಇಲ್ಲವೇ ದಂಡವನ್ನೇ ಎತ್ತಿ ಬೇರೆ ಇಡಿ.
- ಜಾರುವ ತೂಕವನ್ನ ಕಚ್ಚಿನ ಮೇಲೆ ಎಳೆಯಬೇಡಿ, ಎತ್ತಿ ಇಡಿ. ಎಳೆದರೆ ಕಚ್ಚು ಸವೆಯುತ್ತೆ.
- ಬೇಸಿಗೆಯಲ್ಲಿ ಪ್ಲಾಸ್ಟಿಕ್ ಬಟ್ಟಲು ಬೇಡ. ಒಣ ಹವೆಗೆ ಪುಡಿ ಅದಕ್ಕೆ ಅಂಟಿಕೊಳ್ಳುತ್ತೆ. ಕಾಗದ ಅಥವಾ ಸ್ಟೀಲ್ ಬಟ್ಟಲು ಒಳ್ಳೇದು.
- ಔಷಧಿ ತೂಗಿದ ತಕ್ಕಡಿ ಅಡುಗೆಮನೆಗೆ ಹೋಗಬಾರದು. ಅಡುಗೆಮನೆ ತಕ್ಕಡಿ ಔಷಧಿಗೆ ಬರಬಾರದು. ಗ್ಲೌಸ್, ಮಾಸ್ಕ್ ಹಾಕಿಯೇ ತೂಗಿ. ನೀರಿಗೆ ಬೆರೆಸುವ ಮುಂಚೆ ಔಷಧಿ ಪೂರ್ತಿ ಗಟ್ಟಿಯಾಗಿರುತ್ತದೆ, ಅಪಾಯ ಹೆಚ್ಚು ಇರೋದು ಆಗಲೇ.

ಡಿಜಿಟಲ್ ತಕ್ಕಡಿ ಇರುವವರು ಅದನ್ನ ಬಿಸಾಕಬೇಕಿಲ್ಲ. ತೂಗುವ ಮುಂಚೆ ಪರದೆಯಲ್ಲಿ ಗ್ರಾಂ ಗುರುತಿಗೆ ಇರುವ 'ಜಿ' ಅಕ್ಷರ ಇದೆಯಾ ನೋಡಿ, ಬಟ್ಟು ಇಟ್ಟು ಪರೀಕ್ಷೆ ಮಾಡಿ. ನಾನು ಈಗ ಅದರ 'ಮೋಡ್' ಬಟನ್ ಮೇಲೆ ಟೇಪ್ ಹಚ್ಚಿದ್ದೀನಿ.

ಇದೇ ಕಣ್ಣು ಮಾರುಕಟ್ಟೆಯಲ್ಲೂ ಇರಲಿ

ತಕ್ಕಡಿ ಹೇಗೆ ಸುಳ್ಳು ಹೇಳುತ್ತೆ ಅಂತ ಒಂದು ಸಲ ಗೊತ್ತಾದರೆ, ಬೆಳೆ ಮಾರುವಾಗಲೂ ಮೋಸ ಹೋಗಲ್ಲ. ಹೊಸಕೋಟೆಗೆ ತರಕಾರಿ ಒಯ್ದರೂ, ವಿಜಯಪುರದ ಮಾರುಕಟ್ಟೆಗೆ ರೇಷ್ಮೆಗೂಡು ಒಯ್ದರೂ, ಹೊಲಕ್ಕೇ ಬಂದು ಹೂವು ಕೊಳ್ಳುವವರಿಗೆ ಕೊಟ್ಟರೂ ಮಾಲು ಇಡುವ ಮುಂಚೆ ಸೊನ್ನೆ ನೋಡಿ. ತಟ್ಟೆಯ ಕೆಳಗೆ ಹುಣಸೆಹಣ್ಣು ಅಂಟಿಸುವುದು, ಒಂದು ಕಡೆ ಸರಪಳಿ ಗಂಟು ಹಾಕುವುದು, ದಂಡವನ್ನ ಬೆರಳಿಂದ ಒತ್ತಿ ಹಿಡಿಯುವುದು ಇವೆಲ್ಲ ಅಜ್ಜನ ಕಾಲದ ಆಟ. ಅನುಮಾನ ಬಂದರೆ "ಅಣ್ಣಾ, ಒಂದ್ಸಲ ತಟ್ಟೆ ಅದಲು ಬದಲು ಮಾಡಿ ತೂಗಿ" ಅಂತ ಮರ್ಯಾದೆಯಾಗಿ ಕೇಳಿ. ನೇರವಾಗಿರುವವರು ಬೇಜಾರು ಮಾಡಿಕೊಳ್ಳಲ್ಲ.

ಮಾರಾಟಕ್ಕೆ ಬಳಸುವ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರಲೇಬೇಕು. 2009ರ ಕಾಯ್ದೆಯಡಿ ಬಂದ 2011ರ ನಿಯಮಗಳ ಪ್ರಕಾರ ದಂಡದ ತಕ್ಕಡಿ ಮತ್ತು ಬಟ್ಟುಗಳಿಗೆ 24 ತಿಂಗಳಿಗೊಮ್ಮೆ, ಎಲೆಕ್ಟ್ರಾನಿಕ್ ತಕ್ಕಡಿಗೆ 12 ತಿಂಗಳಿಗೊಮ್ಮೆ ಮರುಮುದ್ರೆ ಆಗಬೇಕು. ಮುದ್ರೆಯ ಪ್ರಮಾಣಪತ್ರ ತೋರಿಸಿ ಅಂತ ಕೇಳೋ ಹಕ್ಕು ನಿಮಗಿದೆ. ಮೋಸ ಕಂಡರೆ ಇಲಾಖೆಯ ಇನ್‌ಸ್ಪೆಕ್ಟರ್‌ಗೆ ದೂರು ಕೊಡಿ. ಅಂಗಡಿಯಲ್ಲಿ ಕೊಂಡ ಗೊಬ್ಬರ, ಔಷಧಿ ತೂಕದಲ್ಲಿ ಕಮ್ಮಿ ಬಂದರೆ 1915 ಗ್ರಾಹಕ ಸಹಾಯವಾಣಿಗೂ ಫೋನ್ ಮಾಡಬಹುದು. ಹಾಗೆಯೇ ನಾವು ಮನೆಯಲ್ಲಿ ಔಷಧಿ ತೂಗಲು ಇಟ್ಟುಕೊಂಡ ಮುದ್ರೆ ಇಲ್ಲದ ತಕ್ಕಡಿಯಲ್ಲಿ ಯಾರಿಗೂ ಮಾಲು ತೂಗಿ ಮಾರಬಾರದು. ನಿಯಮ ಎಲ್ಲರಿಗೂ ಒಂದೇ.

ದೇವನಹಳ್ಳಿಯಿಂದ ಬೆಂಗಳೂರಿಗೆ ಬಳ್ಳಾರಿ ರಸ್ತೆಯಲ್ಲಿ ಹೋಗುವಾಗ ಜಕ್ಕೂರು ಸಿಗುತ್ತೆ ಅಲ್ವಾ? ಕೇಂದ್ರ ಸರ್ಕಾರದ ಪ್ರಾದೇಶಿಕ ತೂಕ ಅಳತೆ ಪ್ರಯೋಗಾಲಯ ಇರುವುದು ಅಲ್ಲೇ. ಅಂಥ ಪ್ರಯೋಗಾಲಯದ ಬಟ್ಟನ್ನೂ ಅದಕ್ಕಿಂತ ಮೇಲಿನ ಒಂದು ಬಟ್ಟಿಗೆ ಹೋಲಿಸಿ ನೋಡಲೇಬೇಕು. ಪರೀಕ್ಷೆ ಇಲ್ಲದೆ ಯಾವ ತೂಕವೂ ತೂಕ ಅಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಈ ವಾರದ ಕೆಲಸ

ಈ ಭಾನುವಾರ ಹತ್ತು ನಿಮಿಷ ಬಿಡುವು ಮಾಡಿಕೊಳ್ಳಿ. ಮನೆಯಲ್ಲಿರುವ ತಕ್ಕಡಿ ಯಾವುದೇ ಆಗಲಿ, ಅದರ ಮೇಲೆ ಸಿರಿಂಜ್‌ನಿಂದ 10 ಮಿ.ಲೀ. ನೀರನ್ನ ಐದು ಸಲ ಬಿಟ್ಟು ತೂಗಿ. 50 ಬಂದರೆ ಸಂತೋಷ. ಬರದಿದ್ದರೆ ಮುಂದಿನ ಸಿಂಪರಣೆಗೆ ಮುಂಚೆ ಗೊತ್ತಾಯ್ತಲ್ಲ ಅಂತ ಅದಕ್ಕಿಂತ ಸಂತೋಷಪಡಿ. ಯಾವ ಬೆಳೆಗೆ ಎಷ್ಟು ಗ್ರಾಂ ಅನ್ನೋ ಅನುಮಾನ ಇದ್ದರೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲೋ, ದೊಡ್ಡಬಳ್ಳಾಪುರ ತಾಲ್ಲೂಕಿನ ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲೋ ಕೇಳಿ.

ನಾನು ಈಗ ಮೇಷ್ಟ್ರ ಹತ್ತಿರ ಇರುವಂಥದ್ದೇ ಒಂದು ದಂಡದ ತಕ್ಕಡಿ ತಂದಿಟ್ಟಿದ್ದೀನಿ. ಪಕ್ಕದ ಹೊಲದವರೂ ಬಂದು ತೂಗಿಕೊಂಡು ಹೋಗ್ತಾರೆ. ಬಂದವರು ಚೀಲ ಬಿಚ್ಚುವ ಮುಂಚೆ ನಾನು ಮೊದಲು ಹತ್ತು ಗ್ರಾಂ ಬಟ್ಟು ಇಟ್ಟು ತೋರಿಸ್ತೀನಿ. "ಎಷ್ಟು ಸಲ ನೋಡ್ತೀಯಪ್ಪ, ನಿನ್ನೆ ತಾನೇ ಸರಿ ಇತ್ತಲ್ಲ" ಅಂತ ಕೆಲವರು ನಗ್ತಾರೆ. ನಗಲಿ. ಕಿತ್ತು ಹಾಕಿದ ಎರಡು ಸಾಲು ಬೀನ್ಸ್ ನನಗೆ ನೆನಪಿದೆ.